ಈ ದುಡ್ಡು ಯಾವಾಗ ಬೇಕು?

(ಸಾಗರದ ಕಾಲೇಜೊಂದರಲ್ಲಿ ಅಂತಿಮ ವರ್ಷದ ಪದವಿ ವಿದ್ಯಾರ್ಥಿಗಳಿಗಾಗಿ ನಿವೃತ್ತ ಬ್ಯಾಂಕ್ ಉದ್ಯೋಗಿಯೊಬ್ಬರು ಆಡಿದ ಮಾತುಗಳ ಬರಹ ರೂಪ)

ಹೂಡಿಕೆ ಮಾಡಿದವರು ಕೈ ಎತ್ತಿ ಅಂದೆ. ಐದು ಕೈ ಎದ್ದವು. ಸರಿ, ಈಗ ಇನ್ನೊಂದು ಪ್ರಶ್ನೆ. ನಿಮ್ಮ ಮನೆಯಲ್ಲಿ ಅಪ್ಪ, ಅಮ್ಮ, ಚಿಕ್ಕಪ್ಪ ಯಾರಾದರೂ ಪಿಗ್ಮಿ ಕಟ್ಟುತ್ತಾರಾ? ನೋಡಿ, ಈಗ ಅರ್ಧ ಹಾಲ್ ಕೈ ಎತ್ತಿದೆ. ಹಾಗಾದರೆ ಇವತ್ತಿನ ವಿಷಯ ನಿಮಗೆ ಪೂರ್ತಿ ಹೊಸದೇನಲ್ಲ.

ಪಿಗ್ಮಿ ಹುಟ್ಟಿದ್ದು ಘಟ್ಟದ ಕೆಳಗೆ, ಉಡುಪಿಯಲ್ಲಿ. 1925ರಲ್ಲಿ ಒಬ್ಬ ವ್ಯಾಪಾರಿ, ಒಬ್ಬ ಇಂಜಿನಿಯರ್, ಒಬ್ಬ ಡಾಕ್ಟರ್ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಒಂದು ಬ್ಯಾಂಕ್ ಕಟ್ಟಿದರು. ಆ ಡಾಕ್ಟರ್ ಟಿ.ಎಂ.ಎ. ಪೈ. ಆಗ ಕೈಮಗ್ಗದ ನೇಕಾರರು ತುಂಬಾ ಕಷ್ಟದಲ್ಲಿದ್ದರು, ಅವರಿಗೆ ನೆರವಾಗಬೇಕು ಅನ್ನುವುದೇ ಉದ್ದೇಶ. ಮುಂದೆ ಅದೇ ಸಿಂಡಿಕೇಟ್ ಬ್ಯಾಂಕ್ ಆಯಿತು, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಆ ಬ್ಯಾಂಕಿನವರು 1928ರಲ್ಲಿ ಪಿಗ್ಮಿ ಶುರು ಮಾಡಿದರು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟರು ಮನೆ ಬಾಗಿಲಿಗೇ ಬಂದು ತಗೊಂಡು ಹೋಗುತ್ತಿದ್ದರು. ಎರಡಾಣೆ ಹಿಡಿದುಕೊಂಡು ಬ್ಯಾಂಕಿಗೆ ಹೋಗಲು ಯಾರಿಗಾದರೂ ಮುಜುಗರ. ಬ್ಯಾಂಕೇ ಮನೆಗೆ ಬಂದರೆ ಆ ಮುಜುಗರ ಇರುವುದಿಲ್ಲ. ಬಡವರ ಮನಸ್ಸನ್ನು ಇಷ್ಟು ಚೆನ್ನಾಗಿ ತಿಳಿದು ಮಾಡಿದ ಬ್ಯಾಂಕ್ ಯೋಜನೆ ನನಗೆ ಇನ್ನೊಂದು ಗೊತ್ತಿಲ್ಲ.

ಈಗ ಮೊಬೈಲಿನಲ್ಲಿ ಎಸ್‌ಐಪಿ ಅಂತ ನೋಡುತ್ತೀರಲ್ಲ, ತಿಂಗಳಿಗೆ ಇಷ್ಟು ಅಂತ ಖಾತೆಯಿಂದ ತಾನಾಗಿ ಕಟ್ ಆಗುವುದು, ಅದೂ ಇದೇ ಅಭ್ಯಾಸ. ಖರ್ಚಿಗೆ ಮೊದಲು ಒಂದು ಪಾಲು ತೆಗೆದಿಡುವುದು. ಆದರೆ ಒಂದು ವ್ಯತ್ಯಾಸ ಇದೆ. ಪಿಗ್ಮಿ ಉಳಿತಾಯ. ಅದರಲ್ಲಿ ಹಣ ಸೇರುತ್ತದೆ, ಬಡ್ಡಿ ಅಷ್ಟಕ್ಕಷ್ಟೇ. ಹೂಡಿಕೆಯಲ್ಲಿ ಹಣವನ್ನು ದುಡಿಯಲು ಕಳಿಸುತ್ತೀರಿ. ದುಡಿಯಲು ಹೋದದ್ದು ಕೆಲವು ವರ್ಷ ಬರಿಗೈಯಲ್ಲಿ ಬರಬಹುದು, ಗಾಯ ಮಾಡಿಕೊಂಡೂ ಬರಬಹುದು.

ಹಾಗಾದರೆ ಕಳಿಸುವುದು ಯಾಕೆ, ಸುಮ್ನೆ ಮನೆಯಲ್ಲೇ ಇಟ್ಟುಕೊಳ್ಳಬಾರದಾ? ಒಂದು ಸಣ್ಣ ಲೆಕ್ಕ ಹೇಳುತ್ತೇನೆ, ಬರೆದುಕೊಳ್ಳಿ. 72 ಅನ್ನು ಬಡ್ಡಿ ದರದಿಂದ ಭಾಗಿಸಿ. ಹಣ ಎರಡು ಪಟ್ಟಾಗಲು ಎಷ್ಟು ವರ್ಷ ಬೇಕು ಅಂತ ಹೆಚ್ಚುಕಡಿಮೆ ಸಿಗುತ್ತದೆ. ಶೇ. 6 ಆದರೆ 12 ವರ್ಷ, ಶೇ. 12 ಆದರೆ 6 ವರ್ಷ. ಬೆಲೆ ಏರಿಕೆಗೂ ಇದೇ ಲೆಕ್ಕ. ಬೆಲೆಗಳು ವರ್ಷಕ್ಕೆ ಶೇ. 6 ಏರಿದರೆ, ಇವತ್ತು 1 ಲಕ್ಷಕ್ಕೆ ಬರುವ ಸಾಮಾನು 12 ವರ್ಷಕ್ಕೆ 2 ಲಕ್ಷ. ಬೀರುವಿನಲ್ಲಿ ಇಟ್ಟ 1 ಲಕ್ಷ ಕಳ್ಳತನ ಆಗಿಲ್ಲ, ಅಲ್ಲೇ ಇದೆ. ಆದರೆ ಅದರಿಂದ ಅರ್ಧ ಸಾಮಾನು ಮಾತ್ರ ಬರುತ್ತದೆ.

ಇನ್ನು ಮುಖ್ಯವಾದ ಮಾತಿಗೆ ಬರುತ್ತೇನೆ. 34 ವರ್ಷ ಬ್ಯಾಂಕಿನ ಕೌಂಟರ್ ಹಿಂದೆ ಕೂತವಳು ನಾನು. ಜನ ಬಂದು ಕೇಳುತ್ತಿದ್ದುದು ಒಂದೇ: "ಮೇಡಂ, ದುಡ್ಡು ಎಲ್ಲಿ ಹಾಕಿದರೆ ಒಳ್ಳೆಯದು?" ಇವತ್ತು ನೀವೂ ಅದೇ ಕೇಳುತ್ತೀರಿ, ಯಾವ ಆ್ಯಪ್, ಯಾವ ಫಂಡ್, ಯಾವ ಷೇರು ಅಂತ. ನಾನು ತಿರುಗಿ ಕೇಳುವುದೂ ಒಂದೇ. ಈ ದುಡ್ಡು ನಿಮಗೆ ಯಾವಾಗ ಬೇಕು?

ನಿಮ್ಮಲ್ಲಿ ಬಹಳ ಜನ ತೋಟದ ಮನೆಯವರು. ಹಿತ್ತಲಿನಲ್ಲಿ ಬಸಳೆ ಚಪ್ಪರ ಹಾಕಿದರೆ ಒಂದೆರಡು ತಿಂಗಳಲ್ಲಿ ಹುಳಿಗೆ ಸೊಪ್ಪು ಸಿಗುತ್ತದೆ. ಬಾಳೆ ನೆಟ್ಟರೆ ಗೊನೆಗೆ ಒಂದು ವರ್ಷ ಕಾಯಬೇಕು. ಅಡಿಕೆ ಸಸಿ ಇಟ್ಟರೆ ಐದಾರು ವರ್ಷ ಕೈಗೆ ಏನೂ ಇಲ್ಲ, ಆಮೇಲೆ ಮಕ್ಕಳ ಕಾಲಕ್ಕೂ ಇದೆ. ನಾಳೆ ಹುಳಿಗೆ ಬೇಕು ಅಂತ ಯಾರೂ ಅಡಿಕೆ ಸಸಿ ಇಡುವುದಿಲ್ಲ. ದುಡ್ಡಿನ ವಿಷಯದಲ್ಲಿ ಮಾತ್ರ ನಾವು ಇದೇ ತಪ್ಪು ಮಾಡುತ್ತೇವೆ.

ನಾನೇ ಮಾಡಿದ್ದೇನೆ. 2007ರ ಕೊನೆಯಲ್ಲಿ ಷೇರುಪೇಟೆ ಮೇಲೆ ಮೇಲೆ ಹೋಗುತ್ತಿತ್ತು. ಶಾಖೆಯಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ನಮ್ಮ ಮನೆಯ ಮಾಡು, ಅಂದರೆ ಸೂರು, ಹಳೆಯದು, ಮರದ ಪಕಾಸೆಲ್ಲ ಹುಳ ತಿಂದಿತ್ತು. 2009ರ ಮಳೆಗಾಲಕ್ಕೆ ಮುಂಚೆ ಬಿಚ್ಚಿ ಹೊಸದು ಹಾಕಿಸಬೇಕು ಅಂತ 2 ಲಕ್ಷ ಕೂಡಿಸಿದ್ದೆವು. ಇನ್ನೂ ಒಂದು ವರ್ಷ ಇದೆಯಲ್ಲ, ಸ್ವಲ್ಪ ಬೆಳೆಯಲಿ ಅಂತ 2008ರ ಜನವರಿಯಲ್ಲಿ ಅಷ್ಟನ್ನೂ ಹಲವರ ಹಣ ಒಟ್ಟು ಮಾಡಿ ಷೇರು ಕೊಳ್ಳುವ ಮ್ಯೂಚುವಲ್ ಫಂಡಿಗೆ ಹಾಕಿದೆ. ಆ ತಿಂಗಳು ಸೆನ್ಸೆಕ್ಸ್, ಅಂದರೆ ಮುಂಬೈ ಷೇರುಪೇಟೆಯ ಏರಿಳಿತ ತೋರಿಸುವ ಸೂಚ್ಯಂಕ, 21,000 ಮುಟ್ಟಿತ್ತು. ಅಕ್ಟೋಬರ್ ಹೊತ್ತಿಗೆ 9,000ದ ಕೆಳಗೆ. ಅಮೆರಿಕದಲ್ಲಿ ಬ್ಯಾಂಕ್ ಮುಳುಗಿದರೆ ಸಾಗರದಲ್ಲಿ ನನ್ನ ಮಾಡಿಗೆ ಯಾಕೆ ತೊಂದರೆ ಅಂತ ನನಗೆ ಅರ್ಥವೇ ಆಗಿರಲಿಲ್ಲ. ಫೆಬ್ರವರಿಯಲ್ಲಿ ಬಡಗಿ ಬಂದು ನಿಂತ. ಫಂಡ್ ತೆಗೆದೆ, 88 ಸಾವಿರ ಚಿಲ್ಲರೆ ಬಂತು. ಉಳಿದದ್ದಕ್ಕೆ ಬಳೆ ಅಡವಿಟ್ಟೆ. ನಮ್ಮ ಯಜಮಾನರು ಒಂದು ಮಾತೂ ಬೈಯಲಿಲ್ಲ. ಅದು ಬೈದದ್ದಕ್ಕಿಂತ ಜಾಸ್ತಿ ನೋವಾಯಿತು.

ಆಮೇಲೆ ಆದದ್ದನ್ನೂ ಕೇಳಿ. 2010ರ ನವೆಂಬರ್, ದೀಪಾವಳಿ ಹೊತ್ತಿಗೆ ಸೆನ್ಸೆಕ್ಸ್ ಮತ್ತೆ 21,000ಕ್ಕೆ ಬಂದಿತ್ತು. ಇನ್ನು ಇಪ್ಪತ್ತು ತಿಂಗಳು ಕಾದಿದ್ದರೆ ಆ ಹಣದಲ್ಲಿ ಬಹುಪಾಲು ವಾಪಸ್ ಬರುತ್ತಿತ್ತು. ಆದರೆ ಮಳೆ ಕಾಯುತ್ತದಾ? ಪೇಟೆ ನನಗೆ ಮೋಸ ಮಾಡಲಿಲ್ಲ. ಬಸಳೆ ಚಪ್ಪರದ ಜಾಗದಲ್ಲಿ ನಾನು ಅಡಿಕೆ ಇಟ್ಟಿದ್ದೆ, ಅಷ್ಟೇ.

ಅದಕ್ಕೇ ಒಂದು ನೋಟ್‌ಬುಕ್ ತಗೊಳ್ಳಿ. ನಿಮಗೆ ಮುಂದೆ ಬರಲಿರುವ ಖರ್ಚುಗಳನ್ನು ಇಸವಿಯ ಜೊತೆ ಬರೆಯಿರಿ. ಎರಡು ಮೂರು ವರ್ಷದೊಳಗೆ ಬೇಕಾದ ಹಣ ಬ್ಯಾಂಕಿನಲ್ಲಿ ಎಫ್‌ಡಿ (ನಿಶ್ಚಿತ ಠೇವಣಿ), ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಠೇವಣಿ) ಆಗಿಯೇ ಇರಲಿ. ಬಡ್ಡಿ ಕಡಿಮೆ ಅಂತ ಬೇಜಾರು ಬೇಡ, ಆ ದಿನ ಅದು ಅಲ್ಲಿ ಇರಬೇಕು, ಅದೇ ಅದರ ಕೆಲಸ. ಏಳು, ಹತ್ತು, ಹದಿನೈದು ವರ್ಷ ಮುಟ್ಟಬೇಕಾಗಿಲ್ಲದ ಹಣ ಇದ್ದರೆ ಮಾತ್ರ ಷೇರಿನ ಕಡೆ ನೋಡಿ. ನಡುವಿನ ವರ್ಷಗಳದ್ದಕ್ಕೆ ಅಂಚೆ ಕಚೇರಿಯ ಐದು ವರ್ಷದ ಠೇವಣಿಯೋ, ಎಫ್‌ಡಿಯೋ ಸಾಕು.

ಷೇರು ಅಂದರೆ ಏನು ಅಂತ ಕಾಮರ್ಸ್‌ನವರಿಗೆ ಹೇಳಬೇಕಾಗಿಲ್ಲ. ಉಳಿದವರಿಗೆ ಒಂದೇ ಮಾತು: ಒಂದು ಕಂಪನಿಯಲ್ಲಿ ಸಣ್ಣ ಪಾಲು. ಕಂಪನಿ ಬೆಳೆದರೆ ಪಾಲೂ ಬೆಳೆಯುತ್ತದೆ, ಮುಳುಗಿದರೆ ಅದೂ ಮುಳುಗುತ್ತದೆ. ಬೆಂಗಳೂರಿನ ಇನ್ಫೋಸಿಸ್ ಕಥೆ ನೀವೆಲ್ಲ ಕೇಳಿರುತ್ತೀರಿ. 1993ರಲ್ಲಿ 95 ರೂಪಾಯಿಗೊಂದು ಷೇರು ಕೊಟ್ಟರು, ಕೊಳ್ಳುವವರೇ ಸಾಕಷ್ಟು ಬರಲಿಲ್ಲ, ಆಗ ಕೊಂಡು ಇಟ್ಟುಕೊಂಡವರು ಕೋಟ್ಯಧಿಪತಿಗಳಾದರು ಅಂತ. ನಿಜ. ಆದರೆ ಅದೇ ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್ ಷೇರನ್ನೂ ಜನ ಆಸೆಯಿಂದಲೇ ಕೊಂಡಿದ್ದರು. 2012ರಲ್ಲಿ ವಿಮಾನಗಳು ನಿಂತವು, ಷೇರು ಬರಿ ಕಾಗದವಾಯಿತು. ಮೊದಲ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಎರಡನೆಯದನ್ನು, ಕಳೆದುಕೊಂಡವರು ಮನೆಯಲ್ಲಿ ಕೂಡ ಹೇಳುವುದಿಲ್ಲ. ಹಾಗಾಗಿ ನಿಮ್ಮ ಕಿವಿಗೆ ಬೀಳುವ ಹತ್ತು ಕಥೆಯಲ್ಲಿ ಒಂಬತ್ತು ಗೆದ್ದವರದ್ದೇ.

ಯಾವುದು ಇನ್ಫೋಸಿಸ್ ಆಗುತ್ತದೆ, ಯಾವುದು ಕಿಂಗ್‌ಫಿಷರ್ ಆಗುತ್ತದೆ ಅಂತ ನನಗೆ ಗೊತ್ತಾಗುವುದಿಲ್ಲ. ಹೊಸಬರಾದ ನಿಮಗೂ ಗೊತ್ತಾಗುವುದಿಲ್ಲ. ಅದಕ್ಕೇ ನಾನು ಹೇಳುವುದು ಇಂಡೆಕ್ಸ್ ಫಂಡ್. ನಿಫ್ಟಿ ಅಂದರೆ ದೇಶದ 50 ದೊಡ್ಡ ಕಂಪನಿಗಳ ಪಟ್ಟಿ, 1996ರಿಂದ ಇದೆ. ಸೋತ ಕಂಪನಿಯನ್ನು ಆ ಪಟ್ಟಿಯಿಂದ ತೆಗೆಯುತ್ತಾರೆ, ಬೆಳೆದದ್ದನ್ನು ಸೇರಿಸುತ್ತಾರೆ. ಇಂಡೆಕ್ಸ್ ಫಂಡ್ ಸುಮ್ನೆ ಆ ಪಟ್ಟಿಯನ್ನೇ ಕೊಳ್ಳುತ್ತದೆ. 500 ರೂಪಾಯಿ ಹಾಕಿದರೂ ಐವತ್ತೂ ಕಂಪನಿಯಲ್ಲಿ ನಿಮ್ಮದೊಂದು ಚೂರು ಇರುತ್ತದೆ. ಒಂದು ಬಿದ್ದರೆ ಮನೆ ಮುಳುಗುವುದಿಲ್ಲ.

ಎಷ್ಟು ಬರಬಹುದು? ಇಲ್ಲಿ ಪ್ರಾಮಾಣಿಕವಾಗಿ ಮಾತಾಡಬೇಕು. ಸೆನ್ಸೆಕ್ಸ್ ಲೆಕ್ಕ 1979ಕ್ಕೆ 100 ಅಂತ ಶುರು. 2024ರ ಜುಲೈನಲ್ಲಿ 80,000 ದಾಟಿತು. ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು ಶೇ. 16. ಜಾಹೀರಾತಿನವರು ಇದನ್ನೇ ಹಿಡಿದುಕೊಳ್ಳುತ್ತಾರೆ. ನಾನು ಇನ್ನೊಂದು ಲೆಕ್ಕವನ್ನೂ ಕೊಡುತ್ತೇನೆ. ನನ್ನ ಹಾಗೆ 2008ರ ಜನವರಿಯಲ್ಲಿ, ತೀರಾ ಕೆಟ್ಟ ಹೊತ್ತಿನಲ್ಲಿ ಹಾಕಿ, 2024ರವರೆಗೆ ಮುಟ್ಟದೆ ಇಟ್ಟಿದ್ದರೆ? ವರ್ಷಕ್ಕೆ ಹೆಚ್ಚುಕಡಿಮೆ ಶೇ. 8ರಿಂದ 9, ಅದರ ಮೇಲೆ ಡಿವಿಡೆಂಡ್, ಅಂದರೆ ಕಂಪನಿಗಳು ಹಂಚುವ ಲಾಭದ ಪಾಲು. ಕೆಟ್ಟದ್ದೇನಲ್ಲ, ಆದರೆ 16 ಅಲ್ಲ. ಯಾವಾಗ ಹಾಕಿದಿರಿ ಅನ್ನುವುದರ ಮೇಲೆ ಇಷ್ಟು ವ್ಯತ್ಯಾಸ ಆಗುತ್ತದೆ. ಒಂದೇ ಸಲಕ್ಕೆ ಸುರಿಯದೆ ಪಿಗ್ಮಿ ಹಾಗೆ ತಿಂಗಳು ತಿಂಗಳು ಹಾಕಿ ಅನ್ನುವುದು ಇದಕ್ಕೇ. ಬಿದ್ದ ತಿಂಗಳೂ ಕೊಳ್ಳುತ್ತೀರಿ, ಏರಿದ ತಿಂಗಳೂ ಕೊಳ್ಳುತ್ತೀರಿ.

ಬಿದ್ದಾಗ ಹೆದರಿಕೆ ಆಗಿಯೇ ಆಗುತ್ತದೆ. 2020ರ ಮಾರ್ಚ್ 23ರಂದು, ಕೊರೊನಾ ಶುರುವಾದಾಗ, ಒಂದೇ ದಿನ ಸೆನ್ಸೆಕ್ಸ್ ಶೇ. 13 ಬಿದ್ದು 26,000ಕ್ಕೆ ಬಂತು. ನನ್ನ ಶಾಖೆಯಲ್ಲಿ ಫೋನ್ ನಿಲ್ಲಲೇ ಇಲ್ಲ, ಎಲ್ಲರದ್ದೂ "ತೆಗೆದುಬಿಡಲಾ?" ಅಂತ. ಹತ್ತು ತಿಂಗಳಿಗೆ, 2021ರ ಜನವರಿಯಲ್ಲಿ, ಅದು 50,000 ಮುಟ್ಟಿತು. ಅಡಿಕೆ ಧಾರಣೆ ನಿಮ್ಮ ಮನೆಯಲ್ಲಿ ದಿನಾ ನೋಡುತ್ತಾರೆ, ಅಲ್ವಾ? ಧಾರಣೆ ಬಿದ್ದ ವರ್ಷ ಬೇಜಾರು ಮಾಡಿಕೊಳ್ಳುತ್ತಾರೆ, ಒಂದಷ್ಟು ಚೀಲ ಮಾರದೆ ಇಟ್ಟುಕೊಳ್ಳುತ್ತಾರೆ. ಧಾರಣೆ ಬಿತ್ತು ಅಂತ ಯಾರಾದರೂ ಮರ ಕಡಿದದ್ದು ನೋಡಿದ್ದೀರಾ? ಆದರೆ ಒಂದು ಗಮನಿಸಿ. ಚೀಲ ಇಟ್ಟುಕೊಳ್ಳಲು ಯಾರಿಗೆ ಆಗುತ್ತದೆ? ಸಾಲದವನು ಮನೆ ಬಾಗಿಲಿಗೆ ಬಂದು ನಿಂತಿಲ್ಲದವರಿಗೆ. ತಾಳ್ಮೆ ಬರಿ ಗುಣದಿಂದ ಬರುವುದಿಲ್ಲ, ಕೈಯಲ್ಲಿ ಬೇರೆ ಹಣ ಇದ್ದಾಗ ಬರುತ್ತದೆ. ಮೊದಲ ಕೆಲಸ ಸಿಕ್ಕಿದ ಕೂಡಲೇ ಆರು ತಿಂಗಳ ಮನೆಖರ್ಚನ್ನು ಬ್ಯಾಂಕಿನಲ್ಲಿ ಕೂಡಿಸಿ ಅನ್ನುವುದು ಅದಕ್ಕೇ. ಅದಾಗುವವರೆಗೆ ಷೇರಿನ ಮಾತು ಬೇಡ.

ಖರ್ಚಿನ ವಿಷಯ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಒಂದೇ ಫಂಡಿನಲ್ಲಿ ಎರಡು ಬಗೆ ಇದೆ, ಡೈರೆಕ್ಟ್ ಮತ್ತು ರೆಗ್ಯುಲರ್. ಡೈರೆಕ್ಟ್, ಅಂದರೆ ನಡುವೆ ಏಜೆಂಟರಿಲ್ಲದೆ ಕೊಳ್ಳುವುದು, 2013ರ ಜನವರಿಯಿಂದ ಬಂದಿದೆ. ರೆಗ್ಯುಲರ್‌ನಲ್ಲಿ ಮಾರಿದವರಿಗೆ ಪ್ರತಿ ವರ್ಷ ಕಮಿಷನ್ ಹೋಗುತ್ತದೆ, ನಿಮ್ಮ ಹಣದಿಂದಲೇ. ವ್ಯತ್ಯಾಸ ಶೇ. 1 ಅಂತ ಇಟ್ಟುಕೊಳ್ಳಿ. ನೂರಕ್ಕೆ ಒಂದು ರೂಪಾಯಿ ತಾನೇ ಅನ್ನಿಸುತ್ತದೆ. ತಿಂಗಳಿಗೆ 5,000ದಂತೆ 25 ವರ್ಷ ಕಟ್ಟಿದರೆ ನಿಮ್ಮ ಜೇಬಿನಿಂದ ಹೋದದ್ದು 15 ಲಕ್ಷ. ಶೇ. 12ರಲ್ಲಿ ಬೆಳೆದರೆ ಸುಮಾರು 95 ಲಕ್ಷ, ಶೇ. 11ರಲ್ಲಿ ಬೆಳೆದರೆ 79 ಲಕ್ಷ ಚಿಲ್ಲರೆ. ನೀವು 25 ವರ್ಷ ಕಟ್ಟಿದ ಅಸಲು ಎಷ್ಟೋ, ಆ ಒಂದು ರೂಪಾಯಿ ತಿಂದದ್ದೂ ಅಷ್ಟೇ. 12 ಬಂದೇ ಬರುತ್ತದೆ ಅಂತ ನಾನು ಹೇಳುತ್ತಿಲ್ಲ, ಲೆಕ್ಕ ತೋರಿಸುತ್ತಿದ್ದೇನೆ. ಹಾಗಂತ ಏಜೆಂಟರೆಲ್ಲ ಬೇಡ ಅಂತಲೂ ಅಲ್ಲ. 2020ರ ಮಾರ್ಚ್‌ನಲ್ಲಿ "ತೆಗೆಯಬೇಡಿ, ಸುಮ್ಮನಿರಿ" ಅಂತ ನಿಮ್ಮ ಕೈ ಹಿಡಿದು ನಿಲ್ಲಿಸುವವರು ಇದ್ದರೆ ಆ ಕಮಿಷನ್ ದಂಡ ಅಲ್ಲ. ಅಂಥವರು ಇದ್ದಾರೆ. ಆದರೆ ಕೊಡುತ್ತಿರುವುದು ಎಷ್ಟು ಅಂತ ಗೊತ್ತಿದ್ದು ಕೊಡಿ.

ಈಗ ಹೇಳುವುದು ನನಗೆ ಹೇಳಲು ಕಷ್ಟದ ಮಾತು. ನಾನಿದ್ದ ಶಾಖೆಯೊಂದರಲ್ಲಿ ಪ್ರತಿ ಮಾರ್ಚ್‌ನಲ್ಲಿ ವಿಮೆ ಪಾಲಿಸಿ ಮಾರಲು ಟಾರ್ಗೆಟ್ ಇರುತ್ತಿತ್ತು. ಒಬ್ಬರು ಅಜ್ಜಿ ಎಫ್‌ಡಿ ಮಾಡಿಸಲು ಬಂದರು. "ಇದು ಎಫ್‌ಡಿ ಹಾಗೇನೇ ಅಮ್ಮ, ಜಾಸ್ತಿ ಬರುತ್ತದೆ" ಅಂತ ಹೇಳಿ ನಮ್ಮ ಶಾಖೆಯವರೊಬ್ಬರು ಪಾಲಿಸಿಗೆ ಸಹಿ ಹಾಕಿಸಿಕೊಂಡರು. ಪಕ್ಕದ ಕುರ್ಚಿಯಲ್ಲಿ ನಾನಿದ್ದೆ, ಬಾಯಿ ಬಿಡಲಿಲ್ಲ. ಐದು ವರ್ಷ ಕಂತು ಕಟ್ಟಬೇಕು ಅಂತ ಅವರಿಗೆ ಗೊತ್ತಾದದ್ದು ಮರುವರ್ಷ. ನನ್ನ ಎದುರು ನಿಂತು "ನೀನೂ ಇದ್ದೆಯಲ್ಲೇ ಮಗಾ" ಅಂದರು. ಇವತ್ತಿಗೂ ಆ ಮಾತು ಕಿವಿಯಲ್ಲಿದೆ. ಈ ಥರ ಊರೂರಿಗೆ ಬಂದು ಮಾತಾಡುವುದನ್ನು ನಾನು ಶುರು ಮಾಡಿದ್ದು ಅದಕ್ಕೇ.

ವಿಮೆ ಬೇರೆ, ಹೂಡಿಕೆ ಬೇರೆ. ನಿಮ್ಮ ದುಡಿಮೆ ನಂಬಿಕೊಂಡವರು ಇದ್ದರೆ ಟರ್ಮ್ ವಿಮೆ ಮಾಡಿಸಿ. ಸತ್ತರೆ ಮಾತ್ರ ಬರುತ್ತದೆ, ಇಲ್ಲದಿದ್ದರೆ ಇಲ್ಲ, ಅದಕ್ಕೇ ಅಗ್ಗ. ಆಸ್ಪತ್ರೆ ಖರ್ಚಿಗೆ ಆರೋಗ್ಯ ವಿಮೆ ಇರಲಿ. ವಿಮೆ, ಹೂಡಿಕೆ ಎರಡನ್ನೂ ಕಲಸಿ ಕೊಡುವ ಪಾಲಿಸಿಗೆ ಸಹಿ ಹಾಕಿದ್ದರೆ, ದಾಖಲೆ ಕೈಗೆ ಬಂದ 30 ದಿನದೊಳಗೆ ವಾಪಸ್ ಕೊಡಬಹುದು. ಈ ವಿಷಯ ಮನೆಯಲ್ಲಿ ಹಿರಿಯರಿಗೆ ಹೇಳಿ.

ಇನ್ನು ನಂಬಿಕೆ. "ನಮ್ಮವರೇ, ಪರಿಚಯದವರೇ" ಅಂತ ಹೇಳಿ ಮುಳುಗಿದವರನ್ನು ನಾನು ಬಹಳ ನೋಡಿದ್ದೇನೆ. 2019ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ, ಹೆಚ್ಚು ಲಾಭದ ಆಸೆ ತೋರಿಸಿ ಜನರಿಂದ ದುಡ್ಡು ಕಟ್ಟಿಸಿಕೊಂಡಿದ್ದ ಐಎಂಎ ಅನ್ನುವ ಕಂಪನಿ ಮುಚ್ಚಿತು, ಸಾವಿರಾರು ಸಂಸಾರಗಳು ಬೀದಿಗೆ ಬಂದವು. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಕೊಡುತ್ತೇವೆ ಅಂತ ಯಾರಾದರೂ ಬಂದರೆ ಒಂದು ಲೆಕ್ಕ ಹಾಕಿ. ಚಕ್ರಬಡ್ಡಿಯಲ್ಲಿ ಅದು ವರ್ಷಕ್ಕೆ ಶೇ. 42ಕ್ಕಿಂತ ಜಾಸ್ತಿ. ಅಷ್ಟು ಲಾಭ ಬರುವ ವ್ಯಾಪಾರ ಅವರ ಹತ್ತಿರ ಇದ್ದರೆ, ಬ್ಯಾಂಕಿನಿಂದ ಶೇ. 12ಕ್ಕೆ ಸಾಲ ತಂದು ಮಾಡುತ್ತಿದ್ದರು, ನಿಮ್ಮ ಮನೆ ಜಗಲಿಗೆ ಬರುತ್ತಿರಲಿಲ್ಲ. ಮೊದಲ ಆರು ತಿಂಗಳು ಸರಿಯಾಗಿ ಕೊಡುತ್ತಾರೆ, ಅದು ಹೊಸದಾಗಿ ಸೇರಿದವರ ದುಡ್ಡು.

ಸಹಕಾರಿಗಳ ಬಗ್ಗೆ ಒಂದು ಮಾತು, ನಮ್ಮ ಕಡೆ ಇದು ತುಂಬಾ ಬೇಕು. ಬ್ಯಾಂಕಿನಲ್ಲಿ ಇಟ್ಟ ಠೇವಣಿಗೆ ವಿಮೆ ಇದೆ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ. 2020ರ ಫೆಬ್ರವರಿಗೆ ಮುಂಚೆ ಅದು ಬರಿ 1 ಲಕ್ಷ ಇತ್ತು. ಅದೇ ವರ್ಷ ಜನವರಿಯಲ್ಲಿ ಬಸವನಗುಡಿಯ ಒಂದು ಸಹಕಾರ ಬ್ಯಾಂಕಿಗೆ ರಿಸರ್ವ್ ಬ್ಯಾಂಕ್ ತಡೆ ಹಾಕಿದಾಗ ಠೇವಣಿದಾರರಿಗೆ 35,000ಕ್ಕಿಂತ ಹೆಚ್ಚು ತೆಗೆಯಲು ಬಿಡಲಿಲ್ಲ. ಪಿಂಚಣಿ ಹಣವನ್ನೆಲ್ಲ ಅಲ್ಲೇ ಇಟ್ಟವರಿದ್ದರು. ಸಹಕಾರ ಬ್ಯಾಂಕಿಗಾದರೂ ಆ ವಿಮೆ ಇದೆ. ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿ, ಇವಕ್ಕೆ ಆ ವಿಮೆ ಇಲ್ಲ. ದುಡ್ಡು ಇಡುವ ಮುಂಚೆ ಠೇವಣಿಗೆ ಆ ವಿಮೆ ಇದೆಯಾ ಅಂತ ಕೇಳಿ. ನಮ್ಮ ಕಡೆಯ ಸಂಘಗಳು ಎಷ್ಟೋ ರೈತರನ್ನು ಕಾಪಾಡಿವೆ, ಅವು ಇಲ್ಲದೆ ನಮ್ಮ ಊರುಗಳೇ ಇಲ್ಲ. ನಾನೂ ಒಂದರ ಸದಸ್ಯೆ. ಆದರೆ ಅರ್ಧ ಪರ್ಸೆಂಟ್ ಜಾಸ್ತಿ ಬಡ್ಡಿಗೆ ಇಡೀ ಜೀವಮಾನದ ಗಂಟನ್ನು ಒಂದೇ ಕಡೆ ಇಡಬೇಡಿ. ಚೀಟಿ ಹಾಕುವವರೂ ಅಷ್ಟೇ. 1982ರ ಕಾಯ್ದೆ ಪ್ರಕಾರ ನೋಂದಣಿ ಆಗಿದೆಯಾ ಅಂತ ಕೇಳಿ. ಕೇಳಿದ್ದಕ್ಕೆ ಸಿಟ್ಟು ಮಾಡಿದರೆ ಅಲ್ಲಿ ಹಾಕಬೇಡಿ.

ಹಿಂದಿನ ಸಾಲಿನಿಂದ ಒಬ್ಬರು ಆಪ್ಷನ್ಸ್ ಟ್ರೇಡಿಂಗ್, ಅಂದರೆ ಬೆಲೆ ಮುಂದೆ ಏರುತ್ತದಾ ಇಳಿಯುತ್ತದಾ ಅಂತ ಪಣ ಕಟ್ಟುವಂಥ ವ್ಯವಹಾರದ ಬಗ್ಗೆ ಚೀಟಿ ಕಳಿಸಿದ್ದಾರೆ. ತಮ್ಮಾ, ಷೇರುಪೇಟೆಯ ಮೇಲೆ ಕಣ್ಣಿಡುವ ಸಂಸ್ಥೆ ಸೆಬಿ 2024ರಲ್ಲಿ ಲೆಕ್ಕ ತೆಗೆದು ಹೇಳಿತು. ಮೂರು ವರ್ಷದಲ್ಲಿ ಫ್ಯೂಚರ್ಸ್, ಆಪ್ಷನ್ಸ್ ಆಡಿದ ಒಂದು ಕೋಟಿಗೂ ಜಾಸ್ತಿ ಜನರಲ್ಲಿ ಶೇ. 93 ಮಂದಿ ಕಳೆದುಕೊಂಡರು. ಎಲ್ಲರದ್ದೂ ಸೇರಿ 1.8 ಲಕ್ಷ ಕೋಟಿ ರೂಪಾಯಿಗೂ ಮೇಲೆ. ಟೆಲಿಗ್ರಾಂ ಗುಂಪಿನಲ್ಲಿ ಲಾಭದ ಫೋಟೊ ಹಾಕುವವನು ಆ ಉಳಿದ ಏಳರಲ್ಲಿ ಇರಬಹುದು, ಇಲ್ಲದೆಯೂ ಇರಬಹುದು. ಅವನಿಗೆ ಸೆಬಿ ನೋಂದಣಿ ಸಂಖ್ಯೆ ಇದೆಯಾ ಕೇಳು, ಸೆಬಿ ವೆಬ್‌ಸೈಟಿನಲ್ಲಿ ಹುಡುಕು. ನಿನ್ನ ವಯಸ್ಸಿನ ಹುಡುಗರು ಸಾಲ ಮಾಡಿ ಆಡಿದ್ದನ್ನು ನೋಡಿದ್ದೇನೆ, ಅವರ ಅಪ್ಪಂದಿರು ಬಂದು ತೋಟದ ಪತ್ರ ಅಡ ಇಟ್ಟದ್ದನ್ನೂ ನೋಡಿದ್ದೇನೆ. ದಯವಿಟ್ಟು ಬೇಡ.

ಚಿನ್ನದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಡವೆ ಹಾಕಿಕೊಳ್ಳಲು, ಕಷ್ಟಕ್ಕೆ ಅಡ ಇಡಲು, ನನಗೇ ಆಗಿದೆಯಲ್ಲ. ಆದರೆ ಕೊಳ್ಳುವಾಗಲೇ ಮಜೂರಿ ಮತ್ತು ಶೇ. 3 ತೆರಿಗೆ ಹೋಗುತ್ತದೆ, ಅದು ಮಾರುವಾಗ ವಾಪಸ್ ಬರುವುದಿಲ್ಲ.

ಷೇರಿನ ಏರಿಳಿತ ನನ್ನ ಮನಸ್ಸಿಗೆ ಆಗುವುದೇ ಇಲ್ಲ ಅನ್ನುವವರಿಗೆ ಪಿಪಿಎಫ್ ಅನ್ನುವ ಸರ್ಕಾರದ ಉಳಿತಾಯ ಯೋಜನೆ ಇದೆ. ವರ್ಷಕ್ಕೆ 500 ರೂಪಾಯಿಯಿಂದ ಒಂದೂವರೆ ಲಕ್ಷದವರೆಗೆ, 15 ವರ್ಷ. 2020ರ ಏಪ್ರಿಲ್‌ನಲ್ಲಿ ಬಡ್ಡಿ ಶೇ. 7.1 ಆಯಿತು, ಆಮೇಲೆ ವರ್ಷಗಟ್ಟಲೆ ಅಲ್ಲೇ ನಿಂತಿತು. ಅಂಚೆ ಕಚೇರಿಯಲ್ಲೇ ಖಾತೆ ತೆರೆಯಬಹುದು. ನಾಚಿಕೆಪಡುವಂಥದ್ದು ಏನೂ ಇಲ್ಲ. ರಾತ್ರಿ ನಿದ್ದೆ ಬರಬೇಕಲ್ಲ.

ಕೊನೆಯದಾಗಿ ಒಂದು ಕೆಲಸ, ಇದಕ್ಕೆ ದುಡ್ಡು ಬೇಡ. ನಮ್ಮ ಕೌಂಟರಿಗೆ ಒಬ್ಬ ಹೆಣ್ಣುಮಗಳು ಬರುತ್ತಿದ್ದಳು, ಗಂಡ ತೀರಿಕೊಂಡಿದ್ದ. ಅವನ ಹೆಸರಿನಲ್ಲಿ ಎಫ್‌ಡಿ ಇತ್ತು, ನಾಮಿನಿ, ಅಂದರೆ ತಾನಿಲ್ಲದಾಗ ಹಣ ಯಾರ ಕೈಗೆ ಕೊಡಬೇಕೋ ಅವರ ಹೆಸರು, ಬರೆಸಿರಲಿಲ್ಲ. ವಾರಸುದಾರರ ಪತ್ರ, ಅತ್ತೆಯ ಸಹಿ, ಮೈದುನನ ಸಹಿ ಅಂತ ಎಂಟು ತಿಂಗಳು ಅಲೆದಳು. ಮಗನ ಶಾಲೆ ಫೀಸಿಗೆ ಆ ಹಣವೇ ಬೇಕಿತ್ತು. ಇವತ್ತು ಮನೆಗೆ ಹೋದ ಮೇಲೆ ಅಪ್ಪ ಅಮ್ಮನ ಪಾಸ್‌ಬುಕ್, ಎಫ್‌ಡಿ ರಸೀದಿ, ವಿಮೆ ಪತ್ರ ಎಲ್ಲ ಒಂದು ಕಡೆ ತೆಗೆದಿಡಿ. ಒಂದೊಂದರಲ್ಲೂ ನಾಮಿನಿ ಇದೆಯಾ ನೋಡಿ. ಇಲ್ಲದಿದ್ದರೆ ಸೋಮವಾರ ಅವರನ್ನು ಕರೆದುಕೊಂಡು ಶಾಖೆಗೆ ಹೋಗಿ ನಾಮಿನಿ ಫಾರಂ ಕೇಳಿ. ಹತ್ತು ನಿಮಿಷದ ಕೆಲಸ. ಕೌಂಟರಿನವರು ನಾಳೆ ಬನ್ನಿ ಅಂದರೆ ಅಲ್ಲೇ ಕೂತುಕೊಳ್ಳಿ.